ಇಳಿಯಲು ಮರೆತ ಹಾಡು

೭

ಯಾವ ಕಡೆಯಿಂದ ಆರಂಭಿಸಲಿ?

ಪ್ರಶ್ನೆ ಅಲಂಕಾರಕ್ಕಾಗಿ ಕೇಳಿದ್ದಲ್ಲ. ಬಾಗ್ದಾದಿನಲ್ಲಿ ತಾಯಿಯ ಹಾಲಿನೊಡನೆ ಬಂದ ಅರಬ್ಬಿ, ಯಹೂದಿಗಳ ಈ ಹೊಸ ದೇಶಕ್ಕೆ ಬಂದಮೇಲೆ ಕವಿತೆಗೆಂದು ಒಗ್ಗಿಸಿಕೊಂಡ ಹೀಬ್ರೂ, ನನ್ನ ಎರಡೂ ಭಾಷೆಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ನಿಮ್ಮ ಕಣ್ಣು ಈಗ ಎಡದಿಂದ ಬಲಕ್ಕೆ ಬರುತ್ತಿದೆ. (ಅದು ಹೇಗಾಯಿತು ಎಂದು ಕೇಳಬೇಡಿ, ಕಥೆಗಾರನಿಗೆ ಇಷ್ಟು ರಿಯಾಯಿತಿ ಇರಲಿ.) ಸಾಲಿನ ನಡುವೆ ಎಲ್ಲೋ ನಾವಿಬ್ಬರೂ ಎದುರುಬದುರಾಗುತ್ತೇವೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಕಥೆ ಗುರ್ಜಿ ಕತ್ತಾನನದು. ಸಂಗೀತ ಸಂಯೋಜಕ, ಶಾಲಾ ಮಕ್ಕಳ ಸಂಗೀತದ ಮೇಷ್ಟ್ರು, ನನ್ನ ಗೆಳೆಯ, ಮತ್ತು ನನ್ನ ದುರದೃಷ್ಟಕ್ಕೆ, ಬದುಕಿರುವ ಪಾತ್ರ. ಸತ್ತ ಪಾತ್ರಗಳಿಗಿರುವ ಸೌಜನ್ಯ ಅವನಿಗಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ರಮತ್ ಗನ್ನಿನ ಅವನ ಮನೆಗೆ ಹೋಗುತ್ತೇನೆ. ಅವನ ಹೆಂಡತಿ ನಾಜೀಮಾ ಶನಿವಾರದ ಸಬ್ಬತ್ತಿಗೆಂದು ಕೋಳಿ-ಅನ್ನವನ್ನು ಸಣ್ಣ ಉರಿಗಿಟ್ಟು, ನಡು ಸಣ್ಣಗಿರುವ ಗಾಜಿನ ಲೋಟಗಳಲ್ಲಿ ಏಲಕ್ಕಿ ಚಹಾ ತರುತ್ತಾಳೆ. ಅವನು ಭೂತಗನ್ನಡಿ ಹಿಡಿದು ನನ್ನ ಡ್ರಾಫ್ಟ್ ಓದುತ್ತಾನೆ.

ಮೊದಲ ಡ್ರಾಫ್ಟು ವಿಮಾನ ನಿಲ್ದಾಣದಲ್ಲಿ ಆರಂಭವಾಗಿತ್ತು: ಬಾಗ್ದಾದಿನಿಂದ ಬಂದಿಳಿದ ನಮ್ಮ ಕೋಟು-ಟೊಪ್ಪಿಗಳ ಮೇಲೆ ಅಧಿಕಾರಿಗಳು ಹೇನು ಸಾಯಲೆಂದು ಡಿಡಿಟಿ ಪುಡಿ ಎರಚಿದ ಆ ಬೆಳಿಗ್ಗೆ. ಗುರ್ಜಿ ಮೂರನೆಯ ಸಾಲಿಗೇ ಕಾಗದ ಮಡಿಚಿದ.

"ಲೋ ಅಬು ಸಾಮಿ," ಎಂದ. (ಸಾಮಿಯ ಅಪ್ಪ, ಅಂದರೆ ನಾನು.) "ನಮ್ಮೋರು ಬರ್ದಿರೋ ಒಂದೊಂದು ಕಥೇಲೂ ಈ ಪುಡಿ ಉದುರುತ್ತೆ ಕಣೋ. ಪುಸ್ತಕ ಕೊಡವಿದ್ರೆ ಸೀನು ಬರುತ್ತೆ."

ಎರಡನೆಯದು ಬಾಗ್ದಾದಿನ ನದೀತೀರದಲ್ಲಿ ಆರಂಭವಾಗಿತ್ತು. ಅದನ್ನು ಅವನು ತೆರೆಯಲೂ ಇಲ್ಲ. ಖರ್ಜೂರದ ಮರ ಎಷ್ಟನೇ ಸಾಲಿಗೆ ಬರುತ್ತದೆಂದಷ್ಟೇ ಕೇಳಿದ. ಎರಡನೆಯ ಸಾಲಿಗೆ, ಎಂದು ಎರಡು ಬೆರಳೆತ್ತಿ ಒಪ್ಪಿಕೊಳ್ಳಬೇಕಾಯಿತು. ಕಾಗದ ಲೋಟದ ಅಡಿಗೆ ಹೋಯಿತು.

ಆದ್ದರಿಂದ, ಓದುಗ ಮಹಾಶಯರೇ, ಮೆಟ್ಟಿಲಿನಿಂದ ಆರಂಭಿಸುತ್ತಿದ್ದೇನೆ. ಮೇಲಿನ ಮೆಟ್ಟಿಲಿನಿಂದ.

೬

ಬೇಸಿಗೆಯಲ್ಲಿ ಬಾಗ್ದಾದಿಗೆ ಬಾಗ್ದಾದೇ ಛಾವಣಿಯ ಮೇಲೆ ಮಲಗುತ್ತಿತ್ತು. ಬಿಸಿಲು ಚುರುಕಾಗುವ ಮೊದಲು ಹಾಸಿಗೆ ಸುತ್ತಿಕೊಂಡು ಇಳಿಯಬೇಕು. ಗುರ್ಜಿಯ ತಾಯಿ ಖಾತೂನ್ ಕಂಕುಳಲ್ಲಿ ಹಾಸಿಗೆ ಇರುಕಿ, ಇನ್ನೊಂದು ಕೈಯಲ್ಲಿ ನಿದ್ದೆಗಣ್ಣಿನ ಮಗನನ್ನು ಹಿಡಿದು, ಮೆಟ್ಟಿಲಿಗೊಂದು ಸ್ವರದಂತೆ ಹಾಡುತ್ತ ಇಳಿಯುತ್ತಿದ್ದಳು. ಎತ್ತರದ ಸ್ವರದಿಂದ ಹಿಡಿದು, ತಿರುವಿನಲ್ಲಿ ಮಗನನ್ನು ನಗಿಸಲೆಂದು ಒಂದೆರಡು ಮೆಟ್ಟಿಲು ಹಿಂದಕ್ಕೆ ಹತ್ತಿ, ಮತ್ತೆ ಇಳಿದು, ಅಂಗಳದ ತಂಪು ನೆಲಕ್ಕೆ ಪಾದ ಊರುವಾಗ ಸರಿಯಾಗಿ ಷಡ್ಜಕ್ಕೆ ಬರುತ್ತಿದ್ದಳು. (ಷಡ್ಜ ನಿಮ್ಮ ಪದ. ಗುರ್ಜಿ ಅದನ್ನು 'ಮನೆ' ಎನ್ನುತ್ತಾನೆ.)

ಐವತ್ತರ ದಶಕದ ಆರಂಭದಲ್ಲಿ, ವಲಸಿಗರ ಶಿಬಿರದ ತಗಡಿನ ಶಾಲೆಯಲ್ಲಿ, ಗುರ್ಜಿ ಆ ಹಾಡನ್ನು ಒಂದನೇ ತರಗತಿಯ ಮಕ್ಕಳಿಗೆ ಕಲಿಸಲು ಹೊರಟ. ಹೀಬ್ರೂ ಪದಗಳನ್ನು ನನ್ನಿಂದ ಬರೆಸಿಕೊಂಡ. ಅವು ಹೀಗಿದ್ದವು ಎಂದುಕೊಳ್ಳಿ:

ಬೆಳಗಾಯ್ತು ಕಂದ, ಇಳಿ ಇಳಿ,
ಮನೆ ಕಾದಿದೆ ಕೆಳಗೆ.

ಗುರ್ಜಿ ಬಾಗ್ದಾದಿನಲ್ಲೇ ಪಾಶ್ಚಾತ್ಯ ಸ್ವರಲಿಪಿ ಕಲಿತವನು. ಕರಿಹಲಗೆಯ ಮೇಲೆ ಐದು ಗೆರೆ ಎಳೆದು, ಎಡಗಡೆಯಿಂದ ಸ್ವರಗಳನ್ನು ಕೂರಿಸಿದ. ಮಕ್ಕಳು ಹೀಬ್ರೂ ಅಕ್ಷರಗಳನ್ನು ಕಲಿತು ಇನ್ನೂ ತಿಂಗಳಾಗಿರಲಿಲ್ಲ. ಅವರ ಕಣ್ಣು ಬಲಗಡೆಯಿಂದಲೇ ಹೊರಟಿತು. ಅವನು ಎಡ ಎಂದ, ಅವರು ಬಲಕ್ಕೆ ಹೋದರು. ಕೋಲು ಹಿಡಿದು ತೋರಿಸಿದ. ಕೋಲನ್ನೂ ಬಲದಿಂದಲೇ ಓದಿದರು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಯಾಕೆ ಸಾರ್, ಹಾಡಿಗೆ ಹೀಬ್ರೂ ಬರಲ್ವಾ?"

ಗುರ್ಜಿ ಹಲಗೆ ಒರೆಸಿದ. ಅದೇ ಐದು ಗೆರೆ, ಅದೇ ಸ್ವರಗಳು, ಈಗ ಬಲದಿಂದ ಎಡಕ್ಕೆ. ಮಕ್ಕಳು ನೀರು ಕುಡಿದಷ್ಟು ಸುಲಭವಾಗಿ ಹಾಡಿದರು.

ಹಾಗೆಯೇ ಅದನ್ನು ಮೇಣದ ಸ್ಟೆನ್ಸಿಲ್ ಕಾಗದದ ಮೇಲೂ ಗೀರಿ, ಪ್ರತಿ ತೆಗೆದು ಹಂಚಿದ. ಸ್ಟೆನ್ಸಿಲಿನಲ್ಲಿ ಸುರುಳಿ ಎಳೆದರೆ ಮೇಣದ ಕಾಗದ ಹರಿಯುತ್ತಿತ್ತು. ಆದ್ದರಿಂದ ಗೆರೆಗಳ ಆರಂಭವನ್ನು ತೋರಿಸುವ ಆ ಸುರುಳಿ ಗುರುತನ್ನು ಬಿಟ್ಟ. ಸ್ವರಗಳಿಗೆ ಬಾಲವೂ ಬೇಡವಾಯಿತು. ಹೇಗೂ ಮೆಟ್ಟಿಲಿಗೊಂದು ಸ್ವರ, ಎಲ್ಲವೂ ಸಮ ಅಳತೆಯವು. ನನ್ನ ಪದಗಳನ್ನು ಗೆರೆಗಳ ಕೆಳಗೆ ಜೋಡಿಸಲು ಜಾಗ ಸಾಲದೆ, ಹಾಳೆಯ ತಳದಲ್ಲಿ ಪ್ರತ್ಯೇಕವಾಗಿ ಬರೆದ.

(ಈ ಪ್ಯಾರಾವನ್ನು ಇನ್ನೊಮ್ಮೆ ಓದಿ. ಇಡೀ ಕಥೆ ಆ ಹರಿಯುವ ಕಾಗದದಲ್ಲಿದೆ. ಉಳಿದದ್ದನ್ನು ನಾನು ಸುಮ್ಮನೆ ಬರೆಯುತ್ತಿದ್ದೇನೆ.)

೫

ಗೆರ್ಡಾ ಲಿಲಿಯನ್‌ಫೆಲ್ಡ್ ಪ್ರವೇಶ.

ಬ್ರೆಸ್ಲಾವ್ ಎಂಬ ಜರ್ಮನ್ ಊರಿನಿಂದ ಮೂವತ್ತರ ದಶಕದಲ್ಲೇ ಬಂದವಳು. ಆ ಜಿಲ್ಲೆಯ ಶಾಲೆಗಳ ಸಂಗೀತ ಮೇಲ್ವಿಚಾರಕಿ. ಬಿಸಿಲಿರಲಿ, ಕೆಸರಿರಲಿ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಜಾಕೆಟ್ಟು. ಬೆನ್ನಿಗೆ ಅಕಾರ್ಡಿಯನ್. ಬಸ್ಸು ತಡವಾದರೆ ಬಸ್ಸಿನ ಪರವಾಗಿ ತಾನೇ ನಾಚಿಕೊಳ್ಳುವ ಜಾತಿ. ಶಿಬಿರದ ಶಾಲೆಗೆ ಆಕೆ ಬಂದ ದಿನ ಗುರ್ಜಿ ಜ್ವರದಿಂದ ಮಲಗಿದ್ದ. ಗೋಡೆಗೆ ಅಂಟಿಸಿದ್ದ ಹಾಳೆಯೊಂದನ್ನು ಕಂಡು, ಕೇಳಿ ಪಡೆದು, ಚೀಲಕ್ಕೆ ಹಾಕಿಕೊಂಡು ಹೋದಳು.

ತಿಂಗಳೆರಡು ಕಳೆದು ಗುರ್ಜಿಗೆ ಪಕ್ಕದ ಊರಿನ ಶಾಲೆಯಿಂದ ಆಹ್ವಾನ ಬಂತು. ಅಮ್ಮನನ್ನೂ ಕರೆದುಕೊಂಡು ಹೋದ, ನಾನೂ ಜೊತೆಗಿದ್ದೆ. ಗೆರ್ಡಾ ಎದ್ದು, ಈ ಸಂಯೋಜಕರ ಬಳಿ ಡಿಪ್ಲೊಮಾ ಇಲ್ಲ, ಆದರೆ ಅವರಿಗೆ ಕಾಯಂ ಹುದ್ದೆ ಕೊಡಲೇಬೇಕೆಂದು ತಾನು ಇಲಾಖೆಯೊಡನೆ ಜಗಳವಾಡಿ ಗೆದ್ದಿದ್ದೇನೆಂದು ಸಭೆಗೆ ಹೇಳಿದಳು. ಆಮೇಲೆ ಅಕಾರ್ಡಿಯನ್ ಬಿಚ್ಚಿ ಮಕ್ಕಳಿಗೆ ತಲೆಯಾಡಿಸಿದಳು.

ಆಕೆ ಹಾಳೆಯನ್ನು ಎಡದಿಂದ ಬಲಕ್ಕೆ ಓದಿದ್ದಳು.

ಮತ್ತೆ ಹೇಗೆ ಓದಿಯಾಳು? ಸಂಗೀತವನ್ನು ಜಗತ್ತು ಓದುವುದೇ ಹಾಗೆ. ಸ್ವರಗಳಿಗೆ ಬಾಲವಿರಲಿಲ್ಲ, ಗೆರೆಗಳಿಗೆ ತಲೆಯಿರಲಿಲ್ಲ, ಪದಗಳೂ ಎಣಿಕೆಗೆ ಸರಿಹೋದವು. ಹಾಡು ಮನೆಯಿಂದ ಹೊರಟಿತು, ಏರಿತು, ತಿರುವಿನಲ್ಲಿ ಒಂದೆರಡು ಮೆಟ್ಟಿಲು ಇಳಿದು ಮತ್ತೆ ಏರಿತು, ಎಲ್ಲಕ್ಕಿಂತ ಮೇಲಿನ ಸ್ವರದಲ್ಲಿ ನಿಂತುಬಿಟ್ಟಿತು. ಮೆಟ್ಟಿಲು ಅದೇ. ಹೋಗುವ ದಿಕ್ಕು ಬೇರೆ.

ಸಭೆ ಒಂದು ಕ್ಷಣ ಇನ್ನೇನೋ ಬರುತ್ತದೆಂದು ಕಾಯಿತು. ಬರಲಿಲ್ಲ. ಆಮೇಲೆ ಆ ಚಪ್ಪಾಳೆ.

ಹೀಬ್ರೂ ಬಾರದ ಖಾತೂನಳಿಗೆ ಇದು ಯಾರ ಹಾಡೆಂದು ಯಾರೂ ಹೇಳಿರಲಿಲ್ಲ. ಅವಳು ಮಗನ ಕಿವಿಯ ಬಳಿ ಬಾಗಿದಳು.

"ಪಾಪ, ಯಾರದಪ್ಪಾ ಈ ಹಾಡು? ಮಾಳಿಗೆ ಹತ್ತಿ ಇಳಿಯೋದು ಮರ್ತುಬಿಟ್ಟಿದೆ."

ಗುರ್ಜಿ ಚಪ್ಪಾಳೆ ತಟ್ಟುತ್ತಿದ್ದ. ತಟ್ಟುತ್ತಲೇ ಇದ್ದ.

೪

ಇಲ್ಲಿ ನಲವತ್ತು ವರ್ಷಗಳನ್ನು ದಾಟಬೇಕಾಗಿದೆ. ಗದ್ಯದಲ್ಲಿ ಇದಕ್ಕೆ ಅಚ್ಚುಕಟ್ಟಾದ ಸೇತುವೆಗಳಿವೆ. ನನಗೆ ಯಾವುದೂ ಹಿಡಿಸಿಲ್ಲ. ಹಾರುತ್ತೇನೆ. ಹಾರುವಾಗ ಕೆಳಗೆ ಕಂಡದ್ದಿಷ್ಟು:

ಹಾಡು ಶಾಲೆಯಿಂದ ಶಾಲೆಗೆ, ಆಮೇಲೆ ರೇಡಿಯೋಗೆ ಹೋಯಿತು. ಗುರ್ಜಿ ನೂರಾರು ಹಾಡು ಕಟ್ಟಿದ, ಸಾವಿರಾರು ಮಕ್ಕಳಿಗೆ ಕಲಿಸಿದ. ಜನಕ್ಕೆ ಅವನು 'ಮೆಟ್ಟಿಲ ಹಾಡಿನ ಮೇಷ್ಟ್ರು'. ತಾಯಂದಿರು ಅದನ್ನು ಮಕ್ಕಳನ್ನು ಮಲಗಿಸಲು ಹಾಡಿದರು. ಅದು ಎಬ್ಬಿಸುವ ಹಾಡೆಂದು ಯಾರಿಗೆ ಗೊತ್ತು? ನನ್ನ 'ಕೆಳಗೆ' ಎಂಬ ಪದ ಅತ್ಯಂತ ಮೇಲಿನ ಸ್ವರಕ್ಕೆ ಹೋಗಿ ಕೂತಿತು. ಒಂದು ದೇಶದ ಮಕ್ಕಳೆಲ್ಲ ಮುಗಿಲಿಗೆ ಮುಖವೆತ್ತಿ 'ಕೆಳಗೆ' ಎಂದು ಹಾಡುತ್ತ ಬೆಳೆದರು. ವಿಮರ್ಶಕನೊಬ್ಬ ಅದನ್ನು ನನ್ನ ಕಾವ್ಯದ ಸೂಕ್ಷ್ಮ ವ್ಯಂಗ್ಯವೆಂದು ಬರೆದ. ನಾನು ತಿದ್ದಲಿಲ್ಲ. (ಕವಿಗೆ ಅಂಥ ಅದೃಷ್ಟ ಪದೇಪದೇ ಬರುವುದಿಲ್ಲ.)

ಗುರ್ಜಿ ಏಕೆ ತಿದ್ದಲಿಲ್ಲ? ಹಿಂದಿನ ಡ್ರಾಫ್ಟಿನಲ್ಲಿ ಇದಕ್ಕೆ ಎರಡು ಪುಟ ಬರೆದಿದ್ದೆ: ವಲಸೆ, ಮೌನ, ತನ್ನದಲ್ಲದ ದಿಕ್ಕಿನಲ್ಲಿ ಓದಿಸಿಕೊಳ್ಳುವ ಬದುಕು. ಚೆಂದದ ಪುಟಗಳು. ಗುರ್ಜಿ ಅವುಗಳ ಮೇಲೆ ಉಪ್ಪಿನಕಾಯಿಯ ಬಾಟಲಿ ಇಟ್ಟ. ಮಾವಿನಕಾಯಿಯದು; ಅದರ ಹಳದಿ ಎಣ್ಣೆ ಎರಡೂ ಪುಟಕ್ಕೆ ಇಳಿಯಿತು.

"ವಲಸೆಯಂತೆ! ಒಂದು ಹೆಂಗಸಿನ ಮುಖ ನೋಡಿ ಸುಮ್ಮನಾದೆ, ಅಷ್ಟೇ. ನಿನ್ನಪ್ಪ ನಿನಗೆ ಇಷ್ಟೂ ಹೇಳಿಕೊಟ್ಟಿಲ್ವೇನೋ?"

ಹೇಳಿಕೊಟ್ಟಿದ್ದರು. ನಮ್ಮಲ್ಲಿ ಎಲ್ಲರ ಅಪ್ಪಂದಿರೂ ಹೇಳಿಕೊಡುತ್ತಾರೆ: ನಾಲ್ವರ ನಡುವೆ ಒಬ್ಬರ ಮುಖ ಬಿಳಿಚುವಂತೆ ಮಾಡುವುದು, ರಕ್ತ ಚೆಲ್ಲಿದ ಹಾಗೆ. ಆ ಹಾಡು ಗೆರ್ಡಾಳ ಹೆಮ್ಮೆ. ತರಬೇತಿಯ ಮೇಷ್ಟ್ರುಗಳಿಗೆ ಮೊದಲ ಪಾಠವಾಗಿ ಆಕೆ ಅದನ್ನೇ ಕಲಿಸುತ್ತಿದ್ದಳು. ಸ್ವರಲಿಪಿ ಓದಲು ಇಡೀ ಜಿಲ್ಲೆಗೆ ಕಲಿಸಿದವಳು ಒಂದು ಹಾಳೆಯನ್ನು ತಿರುಗುಮುರುಗು ಓದಿದಳೆಂದರೆ? ನಾಳೆ ಹೇಳೋಣ ಎಂದುಕೊಂಡ ಗುರ್ಜಿ. ನಾಳೆ ರೇಡಿಯೋದಲ್ಲಿ ಬಂತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಖಾತೂನ್ ಶಿಬಿರದಿಂದ ಕಲ್ಲುಮನೆಗೆ ಬಂದು, ಅಲ್ಲಿಯೇ ತೀರಿಕೊಂಡಳು. ಮಹಡಿಯಿಲ್ಲದ ಮನೆ. ಆ ಹಾಡನ್ನು ಮತ್ತೆ ಹಾಡಲಿಲ್ಲ. ಇಳಿಯಲು ಮೆಟ್ಟಿಲಿಲ್ಲದೆ ಅದು ಬಾಯಿಗೆ ಬರುವುದಿಲ್ಲ ಎನ್ನುತ್ತಿದ್ದಳು.

೩

ಗುರ್ಜಿಗೆ ಎಪ್ಪತ್ತಾದ ವರ್ಷ ಅವನ ಕಿವಿ ಹೋಗತೊಡಗಿತು. ಮೇಲಿನ ಸ್ವರಗಳು ಮೊದಲು ಹೋದವು. ನಾಜೀಮಾ ರೇಡಿಯೋ ಹಾಕಿದರೆ ಮೆಟ್ಟಿಲ ಹಾಡು ನಡುದಾರಿಯಲ್ಲಿ ಮಸುಕಾಗಿ ಕರಗುತ್ತಿತ್ತು. ಕೊನೆಯನ್ನು ಮಕ್ಕಳು ಹಾಡುತ್ತಿದ್ದಾರೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಉಳಿದದ್ದೂ ಹೋಗುತ್ತದೆ, ಹೆಚ್ಚು ಕಾಲವಿಲ್ಲ ಎಂದರು ಡಾಕ್ಟರು.

ಅದೇ ಸಮಯಕ್ಕೆ ಅವನು ಕೊನೆಗೆ ಕಲಿಸಿದ ಶಾಲೆಯವರು ಸಂಗೀತದ ಕೋಣೆಗೆ ಅವನ ಹೆಸರಿಡುತ್ತೇವೆ, ಮಕ್ಕಳಿಂದ ಮೆಟ್ಟಿಲ ಹಾಡು ಹಾಡಿಸುತ್ತೇವೆ ಎಂದರು. ಗುರ್ಜಿ ಒಂದು ಷರತ್ತು ಹಾಕಿದ: ಒಂದನೇ ತರಗತಿಯ ಮಕ್ಕಳೇ ಹಾಡಬೇಕು, ಕಲಿಸುವುದು ತಾನೇ. ಆ ಮಕ್ಕಳ ತಲೆಗೆ ಹಳೆಯ ಹಾಡು ಇನ್ನೂ ಗಟ್ಟಿಯಾಗಿ ಇಳಿದಿರಲಿಲ್ಲ. ಶಾಲೆಯ ಹೊರಮೆಟ್ಟಿಲಿನ ಮೇಲೆ ಅವರನ್ನು ಸಾಲಾಗಿ ನಿಲ್ಲಿಸಿ, ಕೈಹಿಡಿದು, ಮೆಟ್ಟಿಲಿಗೊಂದು ಸ್ವರದಂತೆ ಇಳಿಸಿದ. ತಾಯಿಯ ಹಾಡು ಮಕ್ಕಳ ದನಿಯಲ್ಲಿ ಒಮ್ಮೆ, ಸರಿಯಾದ ದಿಕ್ಕಿನಲ್ಲಿ, ಕಿವಿ ಇರುವಾಗಲೇ. ಅವನಿಗೆ ಬೇಕಾದದ್ದು ಇಷ್ಟೇ. ಗೆರ್ಡಾ ಹೈಫಾದ ವೃದ್ಧಾಶ್ರಮದಲ್ಲಿದ್ದಳು. ಅಷ್ಟು ದೂರದಿಂದ ಬರಲಾರಳೆಂದು ಎಲ್ಲರೂ ತಿಳಿದಿದ್ದರು.

ಸಮಾರಂಭದ ಹಿಂದಿನ ದಿನ ಫೋನು ಬಂತು: ಬರುತ್ತಾಳಂತೆ.

ಗುರ್ಜಿ ಹಾಗಾದರೆ ಬೇಡ ಎಂದ. ನಾಜೀಮಾ ಬೆಂಡೆಕಾಯಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

"ನಲವತ್ತು ವರ್ಷ ಅವಳ ಮುಖ ಕಾಪಾಡಿದ್ರಿ. ನಿಮ್ಮಮ್ಮನ ಮುಖ?"

"ಅಮ್ಮ ಸತ್ತಿದ್ದಾಳೆ ಕಣೇ. ಸತ್ತೋರ ಮುಖ ಬಿಳಿಚಲ್ಲ."

"ನಿಮ್ಮ ಕಿವಿ ಇನ್ನೂ ಸತ್ತಿಲ್ವಲ್ಲ," ಎಂದಳು ನಾಜೀಮಾ, ಮತ್ತೆ ಚಾಕು ಎತ್ತಿಕೊಂಡು.

ಇಲ್ಲಿ ಕಥೆಗೆ ಕ್ಲೈಮ್ಯಾಕ್ಸ್ ಬೇಕಾಗಿದೆ. ನನ್ನ ಬಳಿ ಮೂರಿವೆ. ಆರಿಸಿಕೊಳ್ಳಿ.

(ಅ) ಮಕ್ಕಳು ಇಳಿಯುವ ಹಾಡು ಹಾಡುತ್ತಾರೆ. ಗೆರ್ಡಾಳಿಗೆ ಎಲ್ಲ ಹೊಳೆಯುತ್ತದೆ. ಮುಖ ಬಿಳಿಚುತ್ತದೆ. ಎದ್ದು ಹೊರಟುಹೋಗುತ್ತಾಳೆ. (ನಾಟಕ ಕಂಪನಿಯವರಿಗೆ ಹಿಡಿಸಬಹುದು.)

(ಆ) ಕೊನೆಯ ಗಳಿಗೆಯಲ್ಲಿ ಗುರ್ಜಿ ಕೈ ತಿರುಗಿಸಿ, ಎಲ್ಲರಿಗೂ ತಿಳಿದ ಏರುವ ಹಾಡನ್ನೇ ಹಾಡಿಸುತ್ತಾನೆ, ತ್ಯಾಗ, ಕಣ್ಣಂಚಿನಲ್ಲಿ ಒಂದು ಹನಿ. ಗುರ್ಜಿ ಇದನ್ನು ಓದಿ ನನ್ನನ್ನು ಕೇಳಿದ್ದು ಒಂದೇ ಮಾತು: "ನಾನು ನಿನಗೇನು ಕೆಟ್ಟದ್ದು ಮಾಡಿದ್ದೆ ಅಂತ ನನ್ನನ್ನ ಸಂತನ್ನ ಮಾಡ್ತಿದೀಯೋ?"

(ಇ) ಅರ್ಧ ಮಕ್ಕಳು ಇಳಿಯುತ್ತಾರೆ, ಅರ್ಧ ಮಕ್ಕಳು ಏರುತ್ತಾರೆ. ಎರಡು ಹಾಡುಗಳು ತಿರುವಿನಲ್ಲಿ ಸಂಧಿಸಿ, ಒಂದರೊಳಗೊಂದು ಹೆಣೆದುಕೊಂಡು, ಯಾರೂ ಕೇಳಿರದ ಸಂಗೀತವಾಗುತ್ತದೆ. ಇದನ್ನು ಒಂದು ಚಳಿಗಾಲವಿಡೀ ತಿದ್ದಿ ತಿದ್ದಿ ಬರೆದೆ. ನಾಜೀಮಾಳಿಗೆ ಓದಿ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಬು ಸಾಮಿ, ಅವು ಒಂದನೇ ಕ್ಲಾಸಿನ ಮಕ್ಕಳು. ಅರ್ಧಕ್ಕೆ ಮೂಗು ಸೋರ್ತಿತ್ತು."

ನಡೆದದ್ದು ಇದು.

ಗೆರ್ಡಾ ಎಲ್ಲರಿಗಿಂತ ಮೊದಲೇ ಬಂದು, ಊರಿಕೊಂಡು ನಡೆಯುವ ಲೋಹದ ಚೌಕಟ್ಟನ್ನು ಪಕ್ಕಕ್ಕಿಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಅದೇ ಕುತ್ತಿಗೆಯವರೆಗಿನ ಗುಂಡಿ. ಭಾಷಣಗಳಾದವು. ಬಿಳಿ ಅಂಗಿಯ ಮಕ್ಕಳು ವೇದಿಕೆಯ ಮೆಟ್ಟಿಲುಗಳ ಮೇಲೆ ನಿಂತರು. ಗುರ್ಜಿ ಅವರೆದುರು ನಿಂತು ಗೆರ್ಡಾಳ ಕಡೆ ಒಮ್ಮೆ, ನಾಜೀಮಾಳ ಕಡೆ ಒಮ್ಮೆ ನೋಡಿದ. ಎತ್ತಿದ ಕೈ ಅಲ್ಲೇ ನಿಂತಿತು. ಸಭಾಂಗಣದಲ್ಲಿ ಯಾರೋ ಕೆಮ್ಮಿದರು.

ಅವನ ಕೈಗಾಗಿ ಮಕ್ಕಳು ಕಾಯಲಿಲ್ಲ. ಮೂಗು ಸೋರುತ್ತಿದ್ದ ಒಬ್ಬ ಆರಂಭಿಸಿದ; ಉಳಿದವರು ಹಿಂದೆಯೇ ಇಳಿದರು.

ಗುರ್ಜಿಗೆ ಮಕ್ಕಳ ಬಾಯಿ ತೆರೆದದ್ದು ಕಂಡಿತಂತೆ. ಮೊದಲಿಗೆ ಏನೂ ಕೇಳಿಸಲಿಲ್ಲವಂತೆ. ಆಮೇಲೆ ಎಲ್ಲೋ ಮೇಲಿನಿಂದ, ಮಸುಕಿನೊಳಗಿಂದ, ಒಂದೊಂದೇ ಮೆಟ್ಟಿಲು ಇಳಿದು ದನಿ ಅವನತ್ತ ಬಂತು. ತಿರುವಿನಲ್ಲಿ ಹಿಂದಕ್ಕೆ ಹತ್ತಿತು. ಅಲ್ಲಿ ಅವನು ನಕ್ಕ. ಅದನ್ನು ನಾನೇ ಕಂಡೆ. ಎಪ್ಪತ್ತರ ಮುದುಕನ ಮುಖದಲ್ಲಿ ನಿದ್ದೆಗಣ್ಣಿನ ಮಗುವೊಂದು ನಕ್ಕಿತು. ಹಾಡು ಮನೆಗೆ ಬಂತು. ನನ್ನ 'ಕೆಳಗೆ' ಮೊದಲ ಸಲ ಕೆಳಗೆ ಕೂತಿತು.

ಸಭೆ ಗೊಂದಲಕ್ಕೆ ಬಿದ್ದು ಮೆಲ್ಲಗೆ ಚಪ್ಪಾಳೆ ತಟ್ಟಿತು. ಗೆರ್ಡಾ ಚೌಕಟ್ಟು ಹಿಡಿದು ಎದ್ದಳು. ಎಲ್ಲರೂ ದಾರಿ ಬಿಟ್ಟರು. ಗುರ್ಜಿಯ ಮುಂದೆ ನಿಂತು, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಅಂದರೆ ಎಲ್ಲರಿಗೂ ಕೇಳಿಸುವಂತೆ, ತನ್ನ ಜರ್ಮನ್ 'ಶ್ರೀಯುತ'ದಿಂದಲೇ ಆರಂಭಿಸಿ ಹೇಳಿದಳು:

"ಹೆರ್ ಕತ್ತಾನ್, ಮಕ್ಕಳು ತಪ್ಪು ಹಾಡಿದರು. ಕೊನೆಯಲ್ಲಿ ಮನೆಗೆ ಬಂದುಬಿಟ್ಟರು. ನಿಮ್ಮ ಹಾಡು ಮನೆಗೆ ಬರುವುದಿಲ್ಲ. ಮೇಲೇ ನಿಲ್ಲುತ್ತದೆ." ಉಸಿರು ತೆಗೆದುಕೊಂಡಳು. "ನನ್ನ ಊರಿಗೆ ಈಗ ಬೇರೆ ದೇಶದ ಹೆಸರು. ನನ್ನ ಬೀದಿ ಇಲ್ಲ. ಎಲ್ಲರ ಹಾಡೂ ಮನೆಗೆ ಬರುತ್ತಿತ್ತು, ಸುಳ್ಳು ಹಾಡುಗಳು. ಬರಲಾಗದು ಎಂದು ಹೇಳುವ ಧೈರ್ಯ ಒಬ್ಬರಿಗೇ ಇತ್ತು. ಅದಕ್ಕೇ ಇಲಾಖೆಯವರ ಜೊತೆ ಜಗಳವಾಡಿದೆ."

ನಾಜೀಮಾ ನನ್ನ ತೋಳು ಹಿಡಿದಳು. ಈಗ ಹೇಳಬಹುದಿತ್ತು, ಹೇಳದೆಯೂ ಇರಬಹುದಿತ್ತು. ಗುರ್ಜಿ ಬಗ್ಗಿ, ಚೌಕಟ್ಟಿನ ಮೇಲಿದ್ದ ಆಕೆಯ ಕೈಯ ಮೇಲೆ ತನ್ನ ಕೈಯಿಟ್ಟ.

"ಚಿಕ್ಕ ಮಕ್ಕಳು, ಗೆರ್ಡಾ. ಕಾಲು ನೋಯ್ತು. ಇಳಿದುಬಿಟ್ಟರು."

ಗೆರ್ಡಾ ಅದನ್ನು ಮೇಲ್ವಿಚಾರಕಿಯಂತೆ ಪರಿಶೀಲಿಸಿದಳು.

"ಇರಲಿ," ಎಂದಳು. "ಮುಂದಿನ ಸಲ ಸರಿಯಾಗಿ ಕಲಿಸಿ."

೨

ಆಕೆಗೆ ತಿಳಿಯಿತೇ?

ನಾಜೀಮಾ ತಿಳಿಯಿತು ಎನ್ನುತ್ತಾಳೆ. ಅಷ್ಟು ಜನರ ಮುಂದೆ ತನ್ನ ಮುಖವನ್ನೂ ಗುರ್ಜಿಯ ಮುಖವನ್ನೂ ಒಂದೇ ಮಾತಿನಲ್ಲಿ ಉಳಿಸಿದಳು, ಅಂಥ ಸುಳ್ಳು ಹೇಳಲು ಸಂಗೀತ ಗೊತ್ತಿರಬೇಕು ಎನ್ನುತ್ತಾಳೆ. ಗುರ್ಜಿ ತಿಳಿಯಲಿಲ್ಲ ಎನ್ನುತ್ತಾನೆ. ಆ ಹೆಂಗಸಿಗೆ ಬಸ್ಸು ತಡವಾಯಿತೆಂದು ಸುಳ್ಳು ಹೇಳಲೂ ಬರುತ್ತಿರಲಿಲ್ಲವಂತೆ. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಬಿಳಿಚಿತೇ ಎಂದು ಕೇಳುತ್ತೀರಿ. ಆಕೆಯದು ಎಂದಿನಿಂದಲೂ ಬಿಳಿಯ ಮುಖ.

ಮುಂದಿನ ಮಳೆಗಾಲಕ್ಕೆ ಗೆರ್ಡಾ ತೀರಿಹೋದಳು. ಗುರ್ಜಿಯ ಕಿವಿಯೂ ಪೂರ್ತಿ ಹೋಯಿತು. ಆ ಮಕ್ಕಳು ಎರಡನೇ ತರಗತಿಗೆ ಹೋಗಿ, ರೇಡಿಯೋದ ಹಾಡನ್ನೇ ಕಲಿತುಕೊಂಡರು.

ಕಳೆದ ಶುಕ್ರವಾರ ಇಲ್ಲಿಯವರೆಗಿನದನ್ನು ಅವನ ಮುಂದಿಟ್ಟೆ. ಭೂತಗನ್ನಡಿ ಹಿಡಿದು ಕೊನೆಯ ಹಾಳೆಯವರೆಗೂ ಓದಿದ. ಹಾಳೆ ತಿರುವಿ ಹಿಂಬದಿ ನೋಡಿದ.

"ಒಂದು ಎಲ್ಲೋ? ಏಳರಿಂದ ಇಳಿಸ್ಕೊಂಡು ಬಂದು ಎರಡಕ್ಕೆ ನಿಲ್ಲಿಸಿದೀಯ. ನೆಲಕ್ಕೆ ಕಾಲು ಹಾಕಿಸೋನು ಯಾರು?"

ಒಂದನ್ನು ಬರೆದರೆ ಕಥೆ ಮನೆಗೆ ಬಂದು ನಾಜೀಮಾಳದ್ದಾಗುತ್ತದೆ, ಬರೆಯದಿದ್ದರೆ ಮೇಲೇ ನಿಂತು ಗೆರ್ಡಾಳದ್ದಾಗುತ್ತದೆ ಎಂದು ಹಾಳೆಯ ಅಂಚಿನಲ್ಲಿ ಗೀಚಿ ತೋರಿಸಿದೆ. ಅವನು ಓದಿ, ಭೂತಗನ್ನಡಿ ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿದ.

ಆಮೇಲೆ ಮೇಜಿನ ಮೇಲೆ ಬೆರಳು ತಟ್ಟತೊಡಗಿದ. ಮೆಟ್ಟಿಲಿಗೊಂದು ತಟ್ಟು, ಎಲ್ಲವೂ ಸಮ ಅಳತೆಯವು. ಯಾವ ಹಾಡೆಂದು ನನಗೆ ಗೊತ್ತು. ನಾಜೀಮಾ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ಹತ್ತುತಾ ಇದಾರೋ, ಇಳೀತಾ ಇದಾರೋ?" ಎಂದು ಮೆಲ್ಲಗೆ ಕೇಳಿದಳು.

ನಾವಿಬ್ಬರೂ ಅವನ ಬೆರಳನ್ನೇ ನೋಡುತ್ತ